ಐದು ಬೆಳ್ಳಿ ಹಡಗುಗಳು ಮುಳುಗಿದ ಬಗೆ

“ಇವತ್ತಿನಿಂದ ಈ ಮನೆಯ ದುಡ್ಡು ಕರಗೋದಿಲ್ಲ! ಇದು ನನ್ನ ಶಪಥ!”

ವಾಷರ್ ಭಾವ ಹೀಗೆ ಘೋಷಿಸಿದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ. ಶಪಥದ ರಭಸಕ್ಕೆ ಮೊಟ್ಟೆ ಕೈಜಾರಿ ಕಾಫಿ ಲೋಟದೊಳಗೆ ಬಿತ್ತು. ಇಂಥ ಮಹತ್ವದ ಗಳಿಗೆಗಳಲ್ಲಿ ಹೀಗೆಲ್ಲ ಆಗುವುದು ಸಹಜ ಎಂದುಕೊಂಡು ಭಾವ ಅದನ್ನು ಚಮಚದಲ್ಲಿ ಮೇಲೆತ್ತಿ ತಿಂದ.

ಅವನಿಗೆ ವಾಷರ್ ಭಾವ ಎಂದು ಹೆಸರಿಟ್ಟದ್ದು ಹೆಂಡತಿಯ ತಮ್ಮ. ರಬ್ಬರ್ ಹಾಳೆ ಕತ್ತರಿಸಿ ವಾಷರ್, ಗ್ಯಾಸ್ಕೆಟ್ ಮಾಡುವ ಕಾರ್ಖಾನೆಯಲ್ಲಿ ಭಾವನಿಗೆ ಕೆಲಸ. ನಲ್ಲಿಯೊಳಗಿನ ಪುಟ್ಟ ಬಿಲ್ಲೆಯಿಂದ ಹಿಡಿದು ಕುಕ್ಕರ್ ಮುಚ್ಚಳದ ಬಳೆಯವರೆಗೆ ಅವನ ಕೈಗೆ ಒಗ್ಗದ್ದು ಯಾವುದೂ ಇಲ್ಲ. “ನಾನು ನಿಲ್ಲಿಸಲಾರದ ಸೋರಿಕೆ ಈ ಲೋಕದಲ್ಲೇ ಇಲ್ಲ” ಎನ್ನುವುದು ಅವನ ಖಾಯಂ ಮಾತು. “ನಿಮ್ಮ ಬಾಯಿ ಒಂದು ಬಿಟ್ಟು” ಎನ್ನುವುದು ಅದಕ್ಕೆ ಹೆಂಡತಿ ಸೇರಿಸುವ ಖಾಯಂ ಬಾಲ.

“ಶಪಥ ಆಮೇಲೆ ಮಾಡಿ. ಸೋಫಾ ಯಾವತ್ತು ತರೋಣ?” ಎಂದಳು ಅವಳು. ಟಾಕೀಸಿನ ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಗಸು. ದಿನವಿಡೀ ಒಂದೊಂದೇ ಮಾತಿನಲ್ಲಿ ವ್ಯವಹಾರ ಮುಗಿಸಿ ಅವಳಿಗೆ ರೂಢಿ. ಮನೆಯ ಸೋಫಾದ ನಡುವಿನ ಸ್ಪ್ರಿಂಗು ಮೇಲೆದ್ದು, ಬಂದವರನ್ನೆಲ್ಲ ಚುಚ್ಚಿ ಮಾತಾಡಿಸುತ್ತಿತ್ತು. ಹೊಸದೊಂದನ್ನು ತರಬೇಕೆಂದು ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಒಂದಿಷ್ಟು ದುಡ್ಡು ಕೂಡಿಟ್ಟಿದ್ದರು.

“ಸೋಫಾ! ಸೋಫಾ ತಂದ್ರೆ ಮೊದಲು ದುಡ್ಡು ಹೋಗುತ್ತೆ, ಆಮೇಲೆ ಸೋಫಾನೂ ಹೋಗುತ್ತೆ. ಅದೇ ಬೆಳ್ಳಿ ನಾಣ್ಯ ತಗೊಂಡ್ರೆ? ದುಡ್ಡು ಕೊಟ್ಟು ದುಡ್ಡೇ ತಗೊಂಡ ಹಾಗೆ!”

“ಅಷ್ಟಕ್ಕೆ ಅಂಗಡಿಗೆ ಯಾಕ್ರೀ ಹೋಗ್ಬೇಕು? ಈ ಜೇಬಿಂದ ತೆಗೆದು ಆ ಜೇಬಿಗೆ ಹಾಕ್ಕೊಳ್ಳಿ.”

“ತಮಾಷೆ ಅಲ್ಲ ಕಣೇ! ಇದು ಪ್ರೂಫ್ ನಾಣ್ಯ. ಖರ್ಚು ಮಾಡೋಕಲ್ಲ, ಕೂಡಿಡೋಕೆ ಅಂತಾನೇ ಅಚ್ಚು ಹಾಕಿರ್ತಾರೆ. ಸುತ್ತ ಕನ್ನಡಿ ಥರ ಫಳಫಳ, ನಡುವೆ ಚಿತ್ರ ಮಾತ್ರ ಮಂಜು ಕೂತ ಹಾಗೆ ಬೆಳ್ಳಗೆ! ವರ್ಷ ಹೋದ ಹಾಗೆ ಬೆಲೆ ಏರ್ತಾನೇ ಹೋಗುತ್ತೆ.”

ಹೆಂಡತಿ ಲೋಟ ಎತ್ತಿಡುತ್ತಾ ಸ್ವಲ್ಪ ಯೋಚಿಸಿದಳು.

“ಸರಿ. ಒಂದೇ ಒಂದು ಸೆಟ್. ಕೂಡಿಟ್ಟಿರೋದರ ಮೇಲೆ ಒಂದು ಕಾಸೂ ಹೋಗ್ಬಾರದು. ಬೆಲೆ ಏರಿದ್ರೆ ನೀವು ಗೆದ್ರಿ, ಸೋಫಾ ಮಾತೇ ಎತ್ತಲ್ಲ. ಇಳೀತೋ, ಇನ್ನು ಮುಂದೆ ಈ ಮನೆಗೆ ಏನು ಬರ್ಬೇಕು, ಏನು ಬರ್ಬಾರದು ಅನ್ನೋದೆಲ್ಲ ನಂದು. ನೀವು ತುಟಿ ಎರಡು ಮಾಡೋ ಹಾಗಿಲ್ಲ.”

“ಒಪ್ಪಿದೆ!” ಎಂದು ಭಾವ ಎದೆ ತಟ್ಟಿಕೊಂಡ. ಹೀಗೆ ಮನೆಯ ಯಜಮಾನಿಕೆ ಪಣಕ್ಕೆ ಬಿತ್ತು. ಅದು ಅಲ್ಲಿಯವರೆಗೆ ಅವನ ಕೈಯಲ್ಲಿತ್ತೇ ಎಂಬುದು ಬೇರೆ ಪ್ರಶ್ನೆ. ಅದನ್ನು ಯಾರೂ ಕೇಳಲಿಲ್ಲ.

ನಾಣ್ಯದಂಗಡಿ ಇದ್ದದ್ದು ಗಡಿಯಾರ ರಿಪೇರಿಯವನ ಮೇಲಿನ ಮಹಡಿಯಲ್ಲಿ. ಕಿರಿದಾದ ಮೆಟ್ಟಿಲು, ಹಸಿರು ಬಟ್ಟೆ ಹೊದಿಸಿದ ಮೇಜು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಅಂಗಡಿಯಜ್ಜ. ಭಾವನ ಬಜೆಟ್ಟು ಕೇಳಿ ಅಜ್ಜ ನಗಲಿಲ್ಲ, ಅದೇ ಅವರ ದೊಡ್ಡ ಗುಣ. ಮೂರು ಪೆಟ್ಟಿಗೆ ತಂದು ಮುಂದಿಟ್ಟರು.

ಮೊದಲನೆಯದು ಹಕ್ಕಿಗಳ ಸೆಟ್. ನೋಡಿದರೆ ರೆಕ್ಕೆ ಬಡಿಯುವ ಸದ್ದು ಕೇಳಿಸಬೇಕು, ಅಷ್ಟು ಚೆಂದ. ಎರಡನೆಯದು ಐದು ಹಡಗುಗಳ ಸೆಟ್. ಒಂದೊಂದು ನಾಣ್ಯವೂ ಅಂಗೈ ತುಂಬುವಷ್ಟು ದೊಡ್ಡದು, ಪಟ ಬಿಚ್ಚಿದ ಹಡಗು, ಕೆಳಗೆ ಅಲೆ. ಮೂರನೆಯದು ವರ್ಷದ ಸೆಟ್. ಜನ ದಿನಾ ಬಳಸುವ ಚಿಲ್ಲರೆಗಳನ್ನೇ ಬೆಳ್ಳಿಯಲ್ಲಿ ಮಾಡಿಟ್ಟದ್ದು. ಚಿತ್ರವಿಲ್ಲ, ಚಿತ್ತಾರವಿಲ್ಲ, ಬರೀ ಅಂಕಿ. ಬೆಲೆ ಮಾತ್ರ ಅರ್ಧ.

“ಬಜೆಟ್ ಚಿಕ್ಕದಿದ್ರೆ ಒಂದು ಮಾತು ನೆನಪಿಡಿ ಸಾರ್” ಎಂದರು ಅಜ್ಜ. “ಮುಗಿಸೋಕಾಗೋದನ್ನ ಮಾತ್ರ ಶುರು ಮಾಡಿ. ಅರ್ಧ ಸೆಟ್ಟು ಅರ್ಧ ಕ್ಷೌರ ಎರಡೂ ಒಂದೇ. ಈ ಹಕ್ಕಿ ಇದೆಯಲ್ಲ, ವರ್ಷ ವರ್ಷ ಹೊಸದು ಬರ್ತಾನೇ ಇರುತ್ತೆ.”

“ಅಂದ್ರೆ ಸಾಯೋವರೆಗೂ ಮೇವು ಹಾಕ್ತಾ ಇರ್ಬೇಕು!”

“ಹಡಗು ಐದಕ್ಕೆ ಮುಗೀತು. ವರ್ಷದ ಸೆಟ್ಟೂ ಮುಗಿದದ್ದೇ. ಅದು ನೋಡೋಕೆ ಸಪ್ಪೆ, ಆದ್ರೆ ಬೆಲೆ ನಿಧಾನವಾಗಿ, ನಿಯತ್ತಾಗಿ ಏರುತ್ತೆ.”

ಭಾವ ಅಂದೇ ನಿರ್ಧರಿಸಬಹುದಿತ್ತು. ಆದರೆ ಬೆಳ್ಳಿ ನಾಣ್ಯ ಆರಿಸುವುದೆಂದರೆ ಬದನೆಕಾಯಿ ಆರಿಸಿದ ಹಾಗೆಯೇ? ಮನೆಯಲ್ಲಿ ಮಹಾಸಭೆ ಸೇರಿತು. ಪಕ್ಕದ ಬೀದಿಯಲ್ಲಿದ್ದ ಅತ್ತೆ ಬಂದರು. ಅವರ ಜೊತೆ ಎಲೆಕ್ಟ್ರಿಷಿಯನ್ ಭಾವಮೈದುನನೂ ಬಂದ. ನಾಲ್ಕು ತಲೆ ಸೇರಿದರೆ ಐದು ಅಭಿಪ್ರಾಯ.

“ಹಕ್ಕಿ ತನ್ನಿ ಅಳಿಯಂದಿರೇ” ಎಂದರು ಅತ್ತೆ. “ಮನೆಗೆ ಜೀವ ಇರೋ ವಸ್ತು ಬರ್ಬೇಕು.”

“ಅತ್ತೆ, ಅದೂ ಬೆಳ್ಳಿಯೇ.”

“ಬೆಳ್ಳಿ ಹಕ್ಕಿ ಬೇರೆ, ಬೆಳ್ಳಿ ಹಡಗು ಬೇರೆ. ಹಡಗು ಮುಳುಗುತ್ತೆ.”

“ಹಡಗೇ ಇರ್ಲಿ ಭಾವ, ಗತ್ತು ಇರುತ್ತೆ” ಎಂದ ಮೈದುನ, ಸ್ಪ್ರಿಂಗಿನಿಂದ ದೂರ ಸರಿದು ಕೂರುತ್ತಾ.

“ವರ್ಷದ ಸೆಟ್ ತಗೊಳ್ಳಿ” ಎಂದಳು ಹೆಂಡತಿ. “ಪುಟ್ಟದು, ಪೂರ್ತಿ ಇದೆ. ಅರ್ಧ ದುಡ್ಡು ಉಳಿಯುತ್ತೆ, ಸೋಫಾಗೆ ಸ್ಪ್ರಿಂಗಾದ್ರೂ ಹಾಕಿಸ್ಬಹುದು.”

ಎಲ್ಲರ ಮಾತನ್ನೂ ಭಾವ ಗಂಭೀರವಾಗಿ ಕೇಳಿಸಿಕೊಂಡ. ಕೇಳಿಸಿಕೊಂಡು ತಾನು ಮೊದಲೇ ಅಂದುಕೊಂಡದ್ದನ್ನೇ ಮಾಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಚಿಲ್ಲರೆ ಕಾಸಿನಂತೆ ಕಾಣುವ ನಾಣ್ಯವನ್ನು ಯಾರಿಗೆ ತೋರಿಸಿ ಜಂಬ ಪಡುವುದು? ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಐದೂ ಹಡಗುಗಳನ್ನು ಕೊಂಡ.

ದುಡ್ಡು ಕೈಸೇರಿದ ಮೇಲೆ ಅಜ್ಜ ಪಥ್ಯ ಹೇಳತೊಡಗಿದರು. “ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಚ್ಚು ಕೂರುತ್ತೆ. ಒರೆಸಬೇಡಿ, ಗೀರು ಬೀಳುತ್ತೆ. ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ, ಒಂದು ಹನಿ ಎಂಜಲು ಸಿಡಿದ್ರೂ ಕಲೆ.”

ಮಾತು ಬೆಳ್ಳಿ ಎನ್ನುತ್ತಾರೆ, ಬೆಳ್ಳಿಯ ಮುಂದೆ ಮಾತೇ ಆಡುವಂತಿಲ್ಲವಲ್ಲ ಎಂದು ಭಾವನಿಗೆ ಸ್ವಲ್ಪ ಬೇಜಾರಾಯಿತು.

“ಮೊಟ್ಟೆ ಬೇಯಿಸೋ ಕಡೆ, ಈರುಳ್ಳಿ ಹೆಚ್ಚೋ ಕಡೆ ಇಡಬೇಡಿ. ಬೆಳ್ಳಿ ಕಪ್ಪಾಗುತ್ತೆ. ಈ ಪ್ಲಾಸ್ಟಿಕ್ ಡಬ್ಬಿಯಿಂದ ಆಚೆ ತೆಗೀಬೇಡಿ. ಆಮೇಲೆ ಇನ್ನೊಂದು ಮುಖ್ಯವಾದದ್ದು...”

“ಗಾಳಿ ಹೋಗ್ಬಾರದು, ಅಷ್ಟೇ ತಾನೆ? ಅದನ್ನ ನನಗೆ ಬಿಡಿ ಸಾರ್! ನನ್ನ ಕಸುಬೇ ಅದು!” ಎಂದು ಪೆಟ್ಟಿಗೆ ಕಂಕುಳಿಗೆ ಸೇರಿಸಿ ಭಾವ ಮೆಟ್ಟಿಲಿಳಿದೇ ಬಿಟ್ಟ. ಮೇಲಿನಿಂದ ಅಜ್ಜ ಏನೋ ಕೂಗಿದರು. ‘ಮತ್ತೆ ಬನ್ನಿ’ ಎಂದಿರಬೇಕು ಅಂದುಕೊಂಡು ಭಾವ ಕೈ ಬೀಸಿದ.

ಅಂದಿನಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ! ಮೊದಲ ಹುಕುಂ, ಮೊಟ್ಟೆಗೆ ಗಡೀಪಾರು. ಎರಡನೆಯದು, ಈರುಳ್ಳಿ ಹೆಚ್ಚುವವರು ಮನೆಯಾಚೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಹೆಚ್ಚಿ, ಅಲ್ಲೇ ಅತ್ತು, ಕಣ್ಣೊರೆಸಿಕೊಂಡು ಒಳಬರಬೇಕು. ಮೂರನೆಯದು, ನಾಣ್ಯ ನೋಡುವವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಉಸಿರು ಬಿಗಿಹಿಡಿದು ನೋಡಬೇಕು. ಅತ್ತೆ ಒಂದು ಸಲ ನೋಡಿ, ಉಸಿರುಕಟ್ಟಿ ಕೆಮ್ಮು ಬಂದು, “ಈ ವೈಭೋಗ ಸಾಕಪ್ಪಾ” ಎಂದು ಮನೆಗೆ ಹೋದರು.

“ರೀ, ನಾನು ಏನು ತಿನ್ಲಿ?” ಎಂದಳು ಹೆಂಡತಿ. ಬೆಳಿಗ್ಗೆ ಮೊಟ್ಟೆ ಇಲ್ಲದಿದ್ದರೆ ಅವಳಿಗೆ ಬೆಳಗಾಗುತ್ತಿರಲಿಲ್ಲ.

“ಬ್ರೆಡ್ಡು ತಿನ್ನು. ತ್ಯಾಗ ಇಲ್ಲದೆ ಸಂಪತ್ತು ಬರುತ್ತಾ?”

ಭಾವ ದಿನಾ ಸಂಜೆ ಬಾಗಿಲು ತೆಗೆದ ಕೂಡಲೇ ಮೂಗು ಅರಳಿಸಿ ಮನೆಯ ಮೂಲೆ ಮೂಲೆ ಮೂಸುತ್ತಿದ್ದ. ಹೆಂಡತಿಯ ಸೆರಗು, ಮೈದುನನ ಅಂಗಿ, ಕಸದ ಬುಟ್ಟಿ ಯಾವುದನ್ನೂ ಬಿಡಲಿಲ್ಲ. “ನಿಮ್ಮ ಮೈಯಿಂದ ಬರೋ ಕಾರ್ಖಾನೆ ವಾಸನೆಯಲ್ಲಿ ನನ್ನ ಮೊಟ್ಟೆ ವಾಸನೆ ನಿಮಗೆಲ್ಲಿ ಗೊತ್ತಾಗುತ್ತೆ?” ಎಂದು ಅವಳು ಗೊಣಗಿದಳು. ಭಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಒಂದು ಮಹಾ ನಿರ್ಮಾಣದಲ್ಲಿ ಮುಳುಗಿದ್ದ.

ಆ ನಿರ್ಮಾಣವೇ ಪೆಟ್ಟಿಗೆ. ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಂಡದ್ದೇ ತಡ, ಭಾವನ ವೃತ್ತಿ ಸ್ವಾಭಿಮಾನ ಹೆಡೆ ಎತ್ತಿತು. ಕಬ್ಬಿಣದ ಪೆಟ್ಟಿಗೆಯೊಂದನ್ನು ತಂದ. ಕಾರ್ಖಾನೆಯ ಮೊದಲ ದರ್ಜೆಯ ದಪ್ಪ ಕಪ್ಪು ರಬ್ಬರ್ ಹಾಳೆಯನ್ನು ತಳಕ್ಕೆ, ನಾಲ್ಕೂ ಗೋಡೆಗೆ, ಮುಚ್ಚಳದ ಒಳಮೈಗೆ ಹಾಸಿದ. ಪ್ರತಿ ನಾಣ್ಯಕ್ಕೂ ಅಳತೆ ಹಿಡಿದು ಗುಂಡನೆಯ ಕುಳಿ ಕೊರೆದ. ಬಾಯಿಯ ಸುತ್ತ ಗ್ಯಾಸ್ಕೆಟ್ ಕೂರಿಸಿದ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕಾರ್ಖಾನೆಯ ಹೊಸ ರಬ್ಬರ್ ಕೈಗವಸು ತೊಟ್ಟು, ನಾಣ್ಯಗಳನ್ನು ಡಬ್ಬಿಯಿಂದ ಬಿಡಿಸಿ ಒಂದೊಂದಾಗಿ ಕುಳಿಯಲ್ಲಿಟ್ಟ. ಮುಚ್ಚಳ ಒತ್ತಿ ಬಿಗಿದಾಗ ‘ಪ್ಚ್’ ಎಂದು ಮುತ್ತಿಟ್ಟ ಸದ್ದಾಯಿತು.

“ನೋಡೇ! ಇದರೊಳಗೆ ಇನ್ನು ಗಾಳಿಯಲ್ಲ, ಯಮನೂ ಹೋಗಲಾರ!”

“ಒಳಗಿರೋದು ಆಚೆ ಬರೋದಕ್ಕಾಗುತ್ತಾ?” ಎಂದಳು ಹೆಂಡತಿ.

“ಬೆಲೆ ಏರೋವರೆಗೆ ಯಾಕೆ ಬರ್ಬೇಕು?”

ಪೆಟ್ಟಿಗೆ ಬೀರುವಿನೊಳಗೆ ಸೇರಿತು. ತಿಂಗಳುಗಳು ಉರುಳಿದವು. ಒಂದು ದಿನ ಅಂಗಡಿಯಜ್ಜನ ಕಡೆಯಿಂದ ಸುದ್ದಿ ಬಂತು. ಹಡಗಿನ ಸೆಟ್ಟಿಗೆ ಬೇಡಿಕೆ ಶುರುವಾಗಿದೆ, ಒಬ್ಬರು ಒಳ್ಳೆಯ ಬೆಲೆಗೆ ಕೇಳುತ್ತಿದ್ದಾರೆ! ಭಾವ ಕುಣಿದಾಡಿದ. ಮಾರುವ ಮೊದಲು ಎಲ್ಲರೂ ಕಣ್ತುಂಬ ನೋಡಲಿ, ತನ್ನ ಗೆಲುವಿಗೆ ಸಾಕ್ಷಿಯಾಗಲಿ ಎಂದು ಅತ್ತೆಗೂ ಮೈದುನನಿಗೂ ಕರೆ ಹೋಯಿತು. ಭಾನುವಾರ ಮಧ್ಯಾಹ್ನ ಪೆಟ್ಟಿಗೆ ಮೇಜಿಗೇರಿತು.

“ಎಲ್ಲರೂ ಬಾಯಿಗೆ ಬಟ್ಟೆ ಕಟ್ಕೊಳ್ಳಿ!” ಭಾವ ಆಜ್ಞೆ ಮಾಡಿ ಮುಚ್ಚಳ ಎತ್ತಲು ಹೋದ. ಮುಚ್ಚಳ ಏಳಲಿಲ್ಲ. ಚಮಚ ತೂರಿಸಿದ, ಚಮಚ ಬಾಗಿತು. ಮೈದುನ ಸ್ಕ್ರೂಡ್ರೈವರ್ ತಂದ. ಕೊನೆಗೆ ಅತ್ತ ಭಾವ, ಇತ್ತ ಮೈದುನ, ಹಗ್ಗಜಗ್ಗಾಟ. “ಎಳಿಯೋ! ಎಳಿಯೋ!” ‘ಪಟಾರ್’ ಎಂದು ಮುಚ್ಚಳ ಕಿತ್ತು ಬಂದ ರಭಸಕ್ಕೆ ಮೈದುನ ಹಿಂದಕ್ಕೆ ಹಾರಿ ಸರಿಯಾಗಿ ಸ್ಪ್ರಿಂಗಿನ ಮೇಲೆ ಕೂತ. ಕೂತಷ್ಟೇ ವೇಗದಲ್ಲಿ ಎದ್ದ.

ನಾಲ್ಕೂ ಜನ ಬಗ್ಗಿ ನೋಡಿದರು. ಉಸಿರು ಬಿಗಿಹಿಡಿಯಿರಿ ಎಂದು ಯಾರೂ ಹೇಳಬೇಕಾಗಲಿಲ್ಲ, ತಾನಾಗಿಯೇ ನಿಂತಿತ್ತು. ಐದು ಕುಳಿಗಳಲ್ಲಿ ಐದು ಕಪ್ಪು ಬಿಲ್ಲೆಗಳು. ಹಡಗಿಲ್ಲ, ಪಟವಿಲ್ಲ, ಅಲೆಯೂ ಇಲ್ಲ.

“ಇದೇನು ಅಳಿಯಂದಿರೇ” ಎಂದರು ಅತ್ತೆ ಬಟ್ಟೆಯೊಳಗಿಂದ. “ನಾಣ್ಯ ಅಂದ್ರಿ, ಬೂಟಿನ ಹಿಮ್ಮಡಿ ತೋರಿಸ್ತಿದ್ದೀರಿ?”

ಭಾವ ಕುರ್ಚಿಗೆ ಕುಸಿದ. ಆಮೇಲೆ ನಿಧಾನವಾಗಿ ತಲೆ ಎತ್ತಿದ. ಅವನ ಮುಖದಲ್ಲಿ ಪತ್ತೇದಾರನ ಕಳೆ ಬಂದಿತ್ತು.

“ಮೊಟ್ಟೆ! ಈ ಮನೆಯಲ್ಲಿ ಯಾರೋ ಮೊಟ್ಟೆ ಬೇಯಿಸಿದ್ದಾರೆ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೂವರೂ ಬಾಯಿಯ ಬಟ್ಟೆ ಸರಿಪಡಿಸಿಕೊಂಡರು.

“ನಾನು ಒಂದು ಸಲ ಆಮ್ಲೆಟ್ ಮಾಡಿದ್ದೆ ಭಾವ” ಎಂದ ಮೈದುನ. “ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ರಿಪೇರಿಗೆ ಬಂದಿದ್ನಲ್ಲ, ಅವತ್ತು. ಫ್ಯಾನ್ ಹೊಗೆ ಎಳೆಯುತ್ತಾ ನೋಡೋಕೆ ಹೊಗೆ ಬೇಕಿತ್ತು.”

“ನಾನು ಬೇಯಿಸಿ ತಂದುಕೊಟ್ಟಿದ್ದೆ” ಎಂದರು ಅತ್ತೆ. “ಹೊತ್ತುಹೊತ್ತಿಗೆ ತಿನ್ನದೆ ಮಗಳು ಸೊರಗಿದ್ಲು. ಏನಿವಾಗ?”

ಹೆಂಡತಿ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಅವಳ ಕಣ್ಣು ತುಂಬಿತ್ತು.

“ನಾನೂ ಒಂದು ಬೇಯಿಸಿದ್ದೆ ರೀ. ಜ್ವರ ಬಿಟ್ಟ ಮಾರನೇ ದಿನ. ಬಾಯಿ ಕಹಿಯಾಗಿತ್ತು, ತಡೀಲಿಕ್ಕಾಗ್ಲಿಲ್ಲ. ಕಿಟಕಿ ಎಲ್ಲ ತೆಗೆದೇ ಬೇಯಿಸಿದ್ದೆ. ಒಂದು ಮೊಟ್ಟೆಯಿಂದ ಇಷ್ಟೊಂದು ಆಗುತ್ತೆ ಅಂತ ಗೊತ್ತಿರಲಿಲ್ಲ...”

ಅವಳು ಸುಲಭಕ್ಕೆ ಅಳುವ ಪೈಕಿ ಅಲ್ಲ. ಅವಳ ಸಂಬಳದ್ದೂ ಅರ್ಧ ದುಡ್ಡಿತ್ತು ಅದರಲ್ಲಿ. ಭಾವನಿಗೆ ಒಂದು ಕ್ಷಣ ಕರುಳು ಚುರುಕ್ ಎಂದಿತು. ಮರುಕ್ಷಣವೇ ಬುದ್ಧಿ ಕೆಲಸ ಮಾಡಿತು. ಬೆಲೆ ಇಳಿದದ್ದು ನಿಜ, ಆದರೆ ಇಳಿಸಿದ್ದು ತಾನಲ್ಲವಲ್ಲ! ಅಂದಮೇಲೆ ಪಣದಲ್ಲಿ ತಾನು ಸೋತದ್ದು ಹೇಗೆ?

“ಅಳಬೇಡ” ಎಂದ ಘನವಾಗಿ. “ಆದದ್ದಾಯ್ತು. ಯಜಮಾನಿಕೆ ವಿಷಯ ಮಾತ್ರ ನೆನಪಿರ್ಲಿ, ಅದು ನಂದೇ.”

“ಅದೆಲ್ಲ ಇಟ್ಕೊಳ್ಳಿ. ಮೊದಲು ಅಂಗಡಿಯವರ ಹತ್ತಿರ ಹೋಗೋಣ. ಇದನ್ನ ಸರಿ ಮಾಡೋಕಾಗುತ್ತಾ ಕೇಳೋಣ. ಆಗದಿದ್ರೆ ನಾನು ರಾತ್ರಿ ಆಟಕ್ಕೂ ಕೂತು ದುಡಿದು ತುಂಬಿಕೊಡ್ತೀನಿ.”

ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ಕಾಯಿಲೆ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಪಕ್ಕದಲ್ಲಿ ಭಾವ ದೊಡ್ಡಮನುಷ್ಯನಾಗಿ ಕೂತಿದ್ದ. ಅಷ್ಟು ದೊಡ್ಡ ಮನಸ್ಸು ತನ್ನೊಳಗಿತ್ತೆಂದು ಅವನಿಗೇ ಗೊತ್ತಿರಲಿಲ್ಲ!

“ನೋಡು, ನಾನು ನಿನ್ನನ್ನ ಕ್ಷಮಿಸಿದ್ದೀನಿ” ಎಂದ, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ. “ಪೂರ್ತಿ ಕ್ಷಮಿಸಿದ್ದೀನಿ. ಮನುಷ್ಯ ಅಂದಮೇಲೆ ತಪ್ಪು ಮಾಡ್ತಾನೆ. ನಾಲಗೆ ಚಪಲ, ಏನು ಮಾಡೋದು! ಬೇರೆ ಗಂಡಸಾಗಿದ್ರೆ ಈ ಹೊತ್ತಿಗೆ ಮನೆ ರಣರಂಗ ಆಗಿರೋದು. ನಾನಾಗಿರೋದಕ್ಕೆ ಕ್ಷಮಿಸಿದ್ದೀನಿ.”

“ಹೂಂ” ಎಂದಳು ಅವಳು. ಮುಂದಿನ ಸ್ಟಾಪಿನಲ್ಲಿ ಅವನು ಇನ್ನೊಮ್ಮೆ ಕ್ಷಮಿಸಿದ.

ಅಂಗಡಿಯಜ್ಜ ಪೆಟ್ಟಿಗೆಯೊಳಗೆ ಇಣುಕಿ ಭೂತಗನ್ನಡಿ ತೆಗೆದಿಟ್ಟರು. ಆ ಕಪ್ಪು ನೋಡಲು ಅದು ಬೇಕಿರಲಿಲ್ಲ.

“ಮೊಟ್ಟೆ ಸಾರ್” ಎಂದ ಭಾವ ದುಃಖದಿಂದ. “ಮನೆಯವರ ಕೆಲಸ.”

“ಎಷ್ಟು ಮೊಟ್ಟೆ ಬೇಯಿಸಿದ್ಯಮ್ಮ?”

“ಒಂದು” ಎಂದಳು ಹೆಂಡತಿ ನೆಲ ನೋಡುತ್ತಾ.

“ಒಂದಾ? ಇಷ್ಟು ಕಪ್ಪಾಗ್ಬೇಕಾದ್ರೆ ಕೋಳಿಗಳೇ ಬಂದು ಇದರೊಳಗೆ ಸಂಸಾರ ಹೂಡ್ಬೇಕಮ್ಮ!” ಅಜ್ಜ ಬೆರಳಿನಿಂದ ಒಳಗಿನ ಕಪ್ಪು ಹಾಸನ್ನು ಒತ್ತಿ ನೋಡಿದರು, ಮೂಸಿದರು. “ಇದನ್ನ ಹಾಸಿದ್ದು ಯಾರು?”

“ನಾನೇ!” ಎಷ್ಟೇ ದುಃಖವಿದ್ದರೂ ಭಾವನ ಎದೆ ತಾನಾಗಿ ಉಬ್ಬಿತು. “ನಮ್ಮ ಕಾರ್ಖಾನೆದು. ಮೊದಲ ದರ್ಜೆ ಮಾಲು.”

“ಕೆಲಸ ಬಹಳ ಅಚ್ಚುಕಟ್ಟು. ಒಂದು ವಿಷಯ ಹೇಳಿ ಸಾರ್, ನಿಮಗೆ ಗೊತ್ತಿರುತ್ತೆ. ರಬ್ಬರ್ ಇಷ್ಟು ಗಟ್ಟಿಯಾಗೋಕೆ ಅದಕ್ಕೆ ಏನು ಬೆರೆಸ್ತಾರೆ?”

ಕಸುಬಿನ ಪ್ರಶ್ನೆ! ಭಾವ ತರಗತಿಯಲ್ಲಿ ಮೊದಲು ಕೈ ಎತ್ತಿದವನಂತೆ ಮುಂದೆ ಬಾಗಿದ. “ಗಂಧಕ! ಗಂಧಕ ಸೇರಿಸಿ ಕಾಯಿಸ್ತಾರೆ. ಗಂಧಕ ಬೀಳದ ರಬ್ಬರ್ ರಬ್ಬರೇ ಅಲ್ಲ ಸಾರ್!”

“ಸರಿಯಾಗಿ ಹೇಳಿದ್ರಿ. ಮೊಟ್ಟೆ ಬೇಯಿಸೋ ಕಡೆ ಇಡಬೇಡಿ ಅಂತ ನಾನು ಯಾಕೆ ಅಂದೆ? ಅದರಲ್ಲಿ ಚಿಟಿಕೆಯಷ್ಟು ಗಂಧಕ ಇರುತ್ತೆ ಅಂತ. ಬೆಳ್ಳಿಗೆ ಅದೇ ಶತ್ರು. ನೀವು ಬೆಳ್ಳಿನ ಬತ್ತಲೆ ಮಾಡಿ, ಗಂಧಕದ ಹಾಸಿಗೆ ಮೇಲೆ ಮಲಗಿಸಿ, ಗಂಧಕದ್ದೇ ರಜಾಯಿ ಹೊದಿಸಿ, ಗಾಳಿ ಆಡದ ಹಾಗೆ ಬಾಗಿಲೂ ಹಾಕಿದ್ರಿ. ಅವತ್ತು ಮೆಟ್ಟಿಲ ತನಕ ಬಂದು ಕೂಗಿದೆ, ‘ರಬ್ಬರ್ ತಾಗಿಸಬೇಡಿ’ ಅಂತ. ನೀವು ಟಾಟಾ ಮಾಡಿದ್ರಿ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಬಾಗಿಲಾಚೆಯ ಕಳ್ಳನಿಗಾಗಿ ಇಡೀ ಮನೆ ಮೂಸಿದವನು ಕಳ್ಳನನ್ನು ತಾನೇ ಅಳತೆ ಹಿಡಿದು, ಕತ್ತರಿಸಿ ಒಳಗೆ ಕೂರಿಸಿದ್ದ. ಭಾವ ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಗೋಡೆಯ ಮೇಲಿದ್ದ ಗಡಿಯಾರವನ್ನು ನೋಡಿದ. ಅದೂ ನಿಂತಿತ್ತು.

“ತೊಳೆದ್ರೆ ಬೆಳ್ಳಗಾಗಲ್ವಾ?” ಎಂದು ಕೇಳಿದವಳು ಹೆಂಡತಿ. ಅವಳ ಧ್ವನಿಯಲ್ಲಿ ಈಗ ಅಳು ಇರಲಿಲ್ಲ. ಟಿಕೆಟ್ ಕಿಟಕಿಯ ಧ್ವನಿ ವಾಪಸ್ ಬಂದಿತ್ತು.

“ಬೆಳ್ಳಗಾಗುತ್ತಮ್ಮ, ಆ ಕನ್ನಡಿ ಹೊಳಪು ಬರಲ್ಲ. ಇನ್ನು ಇದು ಬರೀ ಬೆಳ್ಳಿ. ತೂಕಕ್ಕೆ ಏನು ಬರುತ್ತೋ ಅಷ್ಟು ಕೊಡ್ತೀನಿ.”

“ಆ ದುಡ್ಡಿಗೆ ವರ್ಷದ ಸೆಟ್ ಬರುತ್ತಾ?”

“ಬರುತ್ತೆ. ಸ್ವಲ್ಪ ಮಿಗುತ್ತೆ ಕೂಡ.”

“ಮಿಕ್ಕಿದ್ದನ್ನ ಕೈಗೆ ಕೊಡಿ, ಸ್ಪ್ರಿಂಗ್ ಹಾಕಿಸ್ಬೇಕು. ಸೆಟ್ಟನ್ನ ಡಬ್ಬಿ ಸಮೇತ ಕೊಡಿ. ಬಿಲ್ಲು ನನ್ನ ಹೆಸರಿಗೆ ಬರೀರಿ. ಇವರ ಹೆಸರು ಬರೆದ್ರೆ ಕಾಗದಾನೂ ಕಪ್ಪಾಗುತ್ತೆ.”

ಭಾವ ತುಟಿ ಎರಡು ಮಾಡಲಿಲ್ಲ. ಅಜ್ಜ ಪಥ್ಯವನ್ನೆಲ್ಲ ಮೊದಲಿನಿಂದ ಹೇಳಿದರು, ಹೆಂಡತಿ ಕೊನೆಯ ಮಾತಿನವರೆಗೂ ನಿಂತು ಕೇಳಿದಳು. ಭಾವ ಖಾಲಿ ಪೆಟ್ಟಿಗೆ ಹೊತ್ತು ಇಂಗು ತಿಂದ ಮಂಗನ ಹಾಗೆ ಹಿಂದೆ ನಿಂತಿದ್ದ.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಅವನು ಗಂಟಲು ಸರಿಮಾಡಿಕೊಂಡ. ಜ್ವರ ಬಿಟ್ಟೆದ್ದವಳು ಒಂದು ಮೊಟ್ಟೆಗಾಗಿ ಕಣ್ಣೀರು ಹಾಕಿದ್ದು ನೆನಪಾಗಿ ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

“ತಪ್ಪು ನಂದೇ ಕಣೇ. ಸುಮ್ಮನೆ ನಿನ್ನನ್ನ ಅಳಿಸ್ದೆ. ಬಸ್ಸಲ್ಲಿ ಬೇರೆ, ಅಷ್ಟು ಜನರ ಮುಂದೆ, ಎರಡೆರಡು ಸಲ ಕ್ಷಮಿಸಿಬಿಟ್ಟೆ...”

“ಆ ಕ್ಷಮೆನಾ?” ಎಂದಳು ಹೆಂಡತಿ, ಹೊಸ ಸೆಟ್ಟನ್ನು ಜೋಪಾನವಾಗಿ ಎದೆಗವಚಿಕೊಂಡು. “ಅದನ್ನ ನಾನು ಕೈಯಲ್ಲೂ ಮುಟ್ಟಿಲ್ಲ ರೀ, ಪ್ರೂಫ್ ಥರ ಹಾಗೇ ಇದೆ. ಎರಡನ್ನೂ ವಾಪಸ್ ತಗೊಳ್ಳಿ. ಇನ್ನು ಮೇಲೆ ನಿಮಗೇ ಬೇಕಾಗುತ್ತೆ!”